ಜಿ ಮೂವತ್ತೆರಡು: ಅಡಿಯೋ, ಮೀಟರೋ?

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ವಿಜಯಪುರದಲ್ಲಿ ಕುಡಿಯುವ ನೀರಿನ ಯೋಜನೆಯೊಂದರ ಎಂಜಿನಿಯರ್ ಆಗಿದ್ದೆ. ಬಬಲೇಶ್ವರದ ಬಳಿ ಹೊಸ ಪಂಪ್‌ಹೌಸಿನ ಪರೀಕ್ಷೆ ಇತ್ತು. ಓಡುವ ಪಂಪನ್ನು ಒಮ್ಮೆಗೇ ನಿಲ್ಲಿಸಿ, ಪೈಪು ತಡೆಯುತ್ತದೆಯೇ ಎಂದು ನೋಡಬೇಕು. ಹರಿಯುವ ನೀರು ತಟ್ಟನೆ ನಿಂತರೆ ಒಳಗೆ ಒತ್ತಡದ ಅಲೆ ಏಳುತ್ತದೆ. ಅದೇ ವಾಟರ್ ಹ್ಯಾಮರ್.

ಟಿಕೋಟಾದ ಕೆಲಸ ಮುಗಿಸಿ ನಾನು ತಲುಪಿದಾಗ ಪಂಪು ಆಗಲೇ ಓಡುತ್ತಿತ್ತು. ಗುತ್ತಿಗೆದಾರರ ಎಂಜಿನಿಯರ್ ಶಿವಾನಂದ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ. ಫಿಟ್ಟರ್ ಮಲ್ಲಪ್ಪ ಹೊರಗಿನ ಪೈಪಿನ ಗುಂಡಿಯಲ್ಲಿ ಕೂತು, ಹನಿಯುತ್ತಿದ್ದ ಜಾಯಿಂಟಿನ ಬೋಲ್ಟನ್ನು ಪಾನಾ ಹಾಕಿ ಬಿಗಿಯುತ್ತಿದ್ದ.

ಅಲೆಯ ಒತ್ತಡ ಎಷ್ಟು ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ ಎಂದು ಶಿವಾನಂದನನ್ನು ಕೇಳಿದೆ. ಪರೀಕ್ಷೆಗೆ ಮೊದಲು ಬಾಯಿಬಿಟ್ಟು ಕೇಳುವುದು ನನ್ನ ಕ್ರಮ.

"ನಲವತ್ತೇಳು ಮೀಟರ್ ರೀ ಸರ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಉಕ್ಕಿನ ಪೈಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು ಸಾವಿರ ಮೀಟರ್ ಓಡುತ್ತದೆ. ಅದನ್ನು ನೀರಿನ ವೇಗವಾದ ಒಂದೂವರೆ ಮೀಟರಿನಿಂದ ಗುಣಿಸಿ, ಗುರುತ್ವ ವೇಗೋತ್ಕರ್ಷ 'ಜಿ'ಯಿಂದ ಭಾಗಿಸಬೇಕು. ನೂರೈವತ್ತರ ಆಸುಪಾಸು ಬರಬೇಕಿತ್ತು.

"ಜಿ ಎಷ್ಟು ಹಿಡದೀ?"

"ಮೂವತ್ತೆರಡು ಪಾಯಿಂಟ್ ಎರಡು. ಹಳೇ ಪುಸ್ತಕದಾಗ ಅದ ಐತ್ರಿ."

"ಏನು ಮೂವತ್ತೆರಡು? ಅಡಿ ಏನು ಮೀಟರ?"

ಶಿವಾನಂದ ಲೆಕ್ಕದ ಹಾಳೆ ತೆಗೆದು ನೋಡಿದ. "ಅಡಿ ರೀ ಸರ."

ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ 9.81 ಮೀಟರಿನಷ್ಟು ಹೆಚ್ಚುತ್ತದೆ. ಸೆಂಟಿಮೀಟರಿನಲ್ಲಿ ಅದೇ 981, ಅಡಿಯಲ್ಲಿ 32.2. ಉಳಿದದ್ದೆಲ್ಲ ಮೀಟರಿನಲ್ಲಿಟ್ಟು ಜಿ ಒಂದನ್ನೇ ಅಡಿಯಲ್ಲಿ ಹಿಡಿದರೆ ಒತ್ತಡ ಮೂರನೇ ಒಂದು ಪಾಲಿಗೆ ಇಳಿದುಬಿಡುತ್ತದೆ. ನಿಜವಾದ ಲೆಕ್ಕ 153 ಮೀಟರ್. ನೀರು ಏರಬೇಕಾದ ಟ್ಯಾಂಕಿನ ಎತ್ತರ 60 ಸೇರಿಸಿದರೆ 213. ಪೈಪು ತಾಳುವುದು 120.

ಪರೀಕ್ಷೆ ಕೈಬಿಟ್ಟರೆ ಸಾಲದು. ಕರೆಂಟು ಹೋದರೂ ಅಷ್ಟೇ ಪೆಟ್ಟು, ಮತ್ತು ಅದು ಬೆಳಗಿನಿಂದ ಹೋಗಿ ಬಂದು ಮಾಡುತ್ತಿತ್ತು. ಪಂಪು ಶುರುವಾದ ಮೇಲೆ ಇನ್ನೂ ಹೋಗಿರಲಿಲ್ಲ, ಅಷ್ಟೇ.

"ಮಲ್ಲಪ್ಪಾ, ಮ್ಯಾಲ ಬಾ!"

"ಇನ್ನೊಂದ ಬೋಲ್ಟ ಐತ್ರೀ ಸಾಹೇಬ್ರ. ಅರ್ಧಾ ಬಿಟ್ಟ ಬಂದ್ರ ನೀವ ಬೈತೀರಿ."

"ಬೈಯೂದಿಲ್ಲೋ ಯಪ್ಪಾ! ಪಾನಾ ಅಲ್ಲೇ ಒಗದು ಹತ್ತು!"

ಅವನು ಗೊಣಗುತ್ತ ಹತ್ತಿದ. ನೀರಿನ ಓಟವನ್ನು ಮೆಲ್ಲಗೆ ಇಳಿಸಲು ಶಿವಾನಂದನೂ ನಾನೂ ಪಂಪಿನ ಪಕ್ಕದ ವಾಲ್ವನ್ನು ತಿರುವತೊಡಗಿದೆವು. ಅವಸರ ಮಾಡುವಂತಿಲ್ಲ, ಬೇಗ ಮುಚ್ಚಿದರೂ ಅದೇ ಅಲೆ. ಕೈ ಚಕ್ರದ ಮೇಲೆ, ಕಣ್ಣು ಪಂಪ್‌ಹೌಸಿನಲ್ಲಿ ಉರಿಯುವ ಬಲ್ಬಿನ ಮೇಲೆ.

ನೀರಿನ ವೇಗ ಅರ್ಧ ಮೀಟರಿಗೆ ಇಳಿದಿತ್ತು. ಬಲ್ಬು ಆರಿತು. ಗುಡುಗಿದಂತೆ ಸದ್ದು. ಅಷ್ಟು ವೇಗಕ್ಕೆ ಒಟ್ಟು ಒತ್ತಡ 111 ಮೀಟರ್; ಪೈಪು ತಡೆಯಿತು. ಗುಂಡಿಯ ಜಾಯಿಂಟು ಮಾತ್ರ ಕಿತ್ತುಹೋಗಿ ನೀರು ಆಳೆತ್ತರ ಚಿಮ್ಮಿತು.

ಮಲ್ಲಪ್ಪ ದೂರದಿಂದಲೇ ನೋಡಿದ. "ಆ ಬೋಲ್ಟ ಬಿಗದಿದ್ರ ಹಿಂಗ ಆಗತಿರಲಿಲ್ಲ ನೋಡ್ರಿ," ಅಂದ.

ಆಮೇಲೆ ಯಾರು ಯಾವ ಅಂಕಿ ಹೇಳಿದರೂ, ಯಾವ ಅಳತೆಯಲ್ಲಿ ಎಂದು ಕೇಳದೆ ನಾನು ಒಪ್ಪಲಿಲ್ಲ. ಆದರೆ ನೌಕರಿ ನನಗೆ ಕಲಿಸಿದ ಮೊದಲ ಪ್ರಶ್ನೆ ಅದಲ್ಲ. ಪಂಪು ಶುರು ಮಾಡುವ ಮುನ್ನ ಕೇಳಬೇಕಾದದ್ದು: ಗುಂಡಿಯೊಳಗೆ ಯಾರಿದ್ದಾರೆ?