ಲ್ಯಾಬಿನ ಮೇಡಂ ಓದುತ್ತಿದ್ದ ಕಾದಂಬರಿ

ಸಾಗರದ ಲ್ಯಾಬೊಂದರಲ್ಲಿ ರಕ್ತ ತೆಗೆಯುತ್ತಿದ್ದ ಮೇಡಂಗೆ ಕಾದಂಬರಿಯ ಹುಚ್ಚು. ಯಾರಾದರೂ ಬಂದರೆ ಓದುತ್ತಿದ್ದ ಪುಟಕ್ಕೆ ಹತ್ತಿಯ ಚೂರಿಟ್ಟು ಏಳುತ್ತಿದ್ದರು. ಸೂಜಿ ಚುಚ್ಚುವಾಗಲೂ ಕಥೆಯ ಪ್ರೇಮಿಗಳ ಮೇಲೆಯೇ ಸಿಟ್ಟು: “ಇಷ್ಟ ಅಂತ ಬಾಯ್ಬಿಟ್ಟು ಹೇಳಕ್ಕೆ ಏನ್ ರೋಗ ಇವ್ರಿಗೆ?” ನನಗೋ ನನ್ನ ರೋಗದ್ದೇ ಚಿಂತೆ, ಬಾರದ ಕಾಯಿಲೆಗೂ ವರ್ಷಕ್ಕೆ ನಾಲ್ಕು ಸಲ ಪರೀಕ್ಷೆ ಮಾಡಿಸುವವನು ನಾನು.

ಒಮ್ಮೆ ರಿಪೋರ್ಟ್ ತರಲು ಹೋದರೆ, ಹತ್ತಿಯಿಂದ ಕಣ್ಣೊರೆಸಿಕೊಳ್ಳುತ್ತ ಲಕೋಟೆ ಚಾಚಿದರು. ನಾನು ಅದನ್ನು ತೆರೆಯದೆಯೇ ಕೇಳಿದೆ:

“ಇನ್ನೆಷ್ಟು ದಿನ ಮೇಡಂ?”

“ನಿಮ್ದೆಲ್ಲ ನಾರ್ಮಲ್ ಮಾರಾಯ್ರೆ. ರಾಜಕುಮಾರಿ ಸಾಕಿದ್ ಡ್ರ್ಯಾಗನ್ ಸತ್ತೋಯ್ತು!”

ಖುಷಿಗೆ ನಕ್ಕುಬಿಟ್ಟೆ. ಅವರು ಲಕೋಟೆಯನ್ನು ವಾಪಸ್ ಕಿತ್ತುಕೊಂಡು, “ನಗ್ತೀರಾ? ಕೂತ್ಕಳಿ” ಎಂದು ಆ ಅಧ್ಯಾಯವನ್ನು ಗಟ್ಟಿಯಾಗಿ ಓದಿದರು. ಮುಗಿಯುವಷ್ಟರಲ್ಲಿ ಹತ್ತಿ ನನಗೂ ಬೇಕಾಯಿತು.