ಎಳೆಗರಿ ಬಂದ ದಿನ

ನಮ್ಮತ್ತೆಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಊರಿಗೆಲ್ಲ ತಣ್ಣನೆ ಗಾಳಿ ಹಂಚುವವಳೂ ಅವಳೇ. ತಾಳೆಗರಿಯ ಬೀಸಣಿಗೆ ಮಾಡುವುದು ಅವಳ ಕಸುಬು. ಮಾವ ಮರ ಹತ್ತಿ ಗರಿ ಕೊಯ್ದು ತರುತ್ತಿದ್ದರು. ಅತ್ತೆ ನೆರಳಲ್ಲಿ ಒಣಗಿಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ದುಂಡಗೆ ಕತ್ತರಿಸಿ ಅಂಚು ಹೊಲಿಯುತ್ತಿದ್ದಳು. ಗರಿಯ ದಂಟೇ ಹಿಡಿ. ಚೂರುಪಾರು ಬುಟ್ಟಿಯಾಗುತ್ತಿತ್ತು, ಹರಿದದ್ದು ಹಿತ್ತಲ ಚಪ್ಪರಕ್ಕೆ ಏರುತ್ತಿತ್ತು. ಆ ಮನೆಯಲ್ಲಿ ತಾಳೆಮರದ್ದು ಯಾವುದೂ ದಂಡವಾದದ್ದನ್ನು ನಾನು ಕಂಡಿಲ್ಲ.

ಹೊಸ ಬೀಸಣಿಗೆಯ ಪರೀಕ್ಷೆಗೆ ಮಾವನ ಮೀಸೆಯೇ ಗತಿ. ಅತ್ತೆ ಎದುರು ನಿಂತು ಒಮ್ಮೆ ಬೀಸುತ್ತಾಳೆ. ಮೀಸೆ ಅಲುಗಿದರೆ ಮಾರಾಟಕ್ಕೆ, ಇಲ್ಲದಿದ್ದರೆ ಒಲೆಯ ಕೆಂಡಕ್ಕೆ ಗಾಳಿ ಹಾಕಲಿಕ್ಕೆ.

ಹೋದ ಬೇಸಿಗೆಯಲ್ಲಿ ಮಾವನಿಗೆ ಮರದ ಮೇಲೇ ತಲೆ ಸುತ್ತಿತು. ಮರ ತಬ್ಬಿಕೊಂಡು ಹೇಗೋ ಇಳಿದರು. ಅತ್ತೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇನ್ನು ಮರ ಹತ್ತಲ್ಲ ಅಂತ ಆಣೆ ಇಡ್ರೀ."

"ಆಯ್ತು ಕಣೇ, ನಿನ್ನಾಣೆ. ಕೂಲಿಯವನ ಕೈಲಿ ಕೊಯ್ಸಿ ತರ್ತೀನಿ."

ಕೂಲಿಯವನು ಕೊಯ್ದದ್ದೆಲ್ಲ ಬಲಿತ ಗರಿ. ಸೂಜಿ ಇಳಿಯದು, ಅಂಚು ಬೆರಳು ಸೀಳುತ್ತದೆ. ಸುಳಿಯ ಪಕ್ಕದಲ್ಲಿ ಆಗತಾನೇ ಬಿಚ್ಚಿಕೊಳ್ಳುವ ಎಳೆಗರಿಯನ್ನು ಆರಿಸುವುದು ಮಾವನಿಗೆ ಮಾತ್ರ ಗೊತ್ತಿತ್ತು. ಅತ್ತೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೊಲಿದಳು. ಬೆರಳು ಉರಿದರೆ ಗಂಡ ನೆಲದ ಮೇಲೆ ಇದ್ದಾನೆ ಎಂದು ಅವಳಿಗೆ ಸಮಾಧಾನ.

ಒಂದು ಬೆಳಿಗ್ಗೆ ಹೊಸ ಕಟ್ಟು ಬಿಚ್ಚಿದಳು. ಎಲ್ಲವೂ ಎಳೆಗರಿ. ಅತ್ತೆಯ ಮುಖ ಬಿಳಿಚಿಕೊಂಡಿತು.

"ಹತ್ತಿದ್ರಿ, ಅಲ್ವಾ?"

"ಇಲ್ಲ ಕಣೇ, ನಿನ್ನಾಣೆ!"

"ಇದಕ್ಕೂ ಒಂದು ಆಣೆ ಬೇರೆ!"

ಅಲ್ಲಿಂದ ಮಾತುಕತೆ ಬಂದ್. ಊಟಕ್ಕೆ ತಟ್ಟೆ ಮಾತ್ರ ಟಣ್ಣೆಂದು ಕರೆಯುತ್ತಿತ್ತು. ಮೀಸೆಗೂ ರಜೆ ಸಿಕ್ಕಿತು. ಅತ್ತೆ ಬೀಸಣಿಗೆಯನ್ನು ಗೋಡೆಯ ಕ್ಯಾಲೆಂಡರಿಗೆ ಬೀಸಿ ನೋಡತೊಡಗಿದಳು.

ಕೊನೆಗೆ ಕಣ್ಣಾರೆ ಕಂಡೇ ತೀರಬೇಕೆಂದು ಮಾವನ ಹಿಂದೆಯೇ ಹೊರಟಳು, ನನ್ನನ್ನೂ ಎಳೆದುಕೊಂಡು. ಮಾವ ಮರದ ಬುಡದಲ್ಲಿ ಕಲ್ಲಿನ ಮೇಲೆ ಕೂತು, ಕತ್ತೆತ್ತಿ ಕೂಗುತ್ತಿದ್ದರು: "ಅದಲ್ಲ ಪುಟ್ಟಿ, ಅದು ಬಲಿತಿದೆ! ಸುಳಿ ಪಕ್ಕದ್ದು ನೋಡಮ್ಮಾ!"

ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೇಲಿದ್ದವಳು ಅವರ ಮಗಳು. ದೊಡ್ಡ ಕಟ್ಟಡಗಳಿಗೆ ಬಣ್ಣ ಬಳಿಯುವ ಹುಡುಗಿ, ಎತ್ತರವೆಂದರೆ ಅವಳಿಗೆ ನೀರು ಕುಡಿದಷ್ಟು ಸುಲಭ. ಅಮ್ಮನ ಬೆರಳಿನ ಬಟ್ಟೆ ನೋಡಲಾಗದೆ, ತಾನೇ ಹತ್ತುತ್ತೇನೆಂದು ಅಪ್ಪನ ಬಳಿ ಹಟ ಹಿಡಿದು, ಅಮ್ಮನಿಗೆ ಹೇಳಕೂಡದೆಂದು ಮಾತೂ ತೆಗೆದುಕೊಂಡಿದ್ದಳಂತೆ.

"ಅಪ್ಪಾ, ಅಮ್ಮ ಬಂದ್ಲು!" ಎಂದು ಅಲ್ಲಿಂದಲೇ ಕಿರುಚಿದಳು.

ಅತ್ತೆ ಮೇಲೆ ನೋಡಿದಳು. ನೆಲದ ಮೇಲೆ ಭದ್ರವಾಗಿ ಕೂತಿದ್ದ ಗಂಡನನ್ನೂ ನೋಡಿದಳು. ಅವರ ಪಕ್ಕದಲ್ಲೇ ಕೂತು, ಅವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟು ದಿನಗಳ ಮೇಲೆ ಅವಳ ಬಾಯಿಂದ ಹೊರಟ ಮೊದಲ ಮಾತು:

"ಇದಕ್ಕಿಂತ ನೀವೇ ಹತ್ತಿದ್ರೆ ವಾಸಿಯಿತ್ತಲ್ರೀ!"