ಪನ್ನೀರು ಗುಲಾಬಿಯ ಕಡ್ಡಿ

ಶೈಲಜಮ್ಮ ೨೦೦೧ರ ಮಾರ್ಚ್‌ನಲ್ಲಿ, ಒಂದು ಗುರುವಾರ ಸಂಜೆ, ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ಹೊಟ್ಟೆಯ ಕ್ಯಾನ್ಸರ್. ಒಂದೇ ಶಾಲೆಯಲ್ಲಿ ಜೊತೆಗೆ ಪಾಠ ಮಾಡುತ್ತಿದ್ದ ಗೆಳತಿ ಪ್ರಿಯಂವದಾ ಆಗ ಪಕ್ಕದಲ್ಲಿದ್ದರು.

ಆ ಬೀದಿಯ ಕಾಂಪೌಂಡುಗಳಲ್ಲಿ ದಾಸವಾಳ, ಕಣಗಿಲೆ, ನಂದಿಬಟ್ಟಲು ಏನೇ ಅರಳಿದರೂ ಮೊದಲ ಕಡ್ಡಿ ಶೈಲಜಮ್ಮ ಕೊಟ್ಟದ್ದು. ಪೆನ್ಸಿಲ್ ದಪ್ಪದ ರೆಂಬೆ ಆರಿಸಿ, ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ತುದಿಗೆ ಸಗಣಿ ಮೆತ್ತಿ, ನೆರಳಲ್ಲಿ ನೆಡುತ್ತಿದ್ದರು. ಆಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಬೇರು ಬಂತೇ ಎಂದು ಪ್ರಿಯಂವದಾ ಒಮ್ಮೆ ಕಡ್ಡಿ ಕಿತ್ತು ನೋಡಿದ್ದಕ್ಕೆ ಸ್ಟಾಫ್‌ರೂಮಿನಲ್ಲಿ ಎಲ್ಲರೆದುರೇ ಬೈದಿದ್ದರು: "ಅದೇನು ಉತ್ತರಪತ್ರಿಕೆನಾ ಕಣೆ, ಗಳಿಗೆಗೊಂದ್ಸಲ ತೆಗೆದು ನೋಡೋಕೆ? ನಿನಗಿಂತ ಮಕ್ಕಳೇ ವಾಸಿ."

ಹಿತ್ತಲ ಬಾವಿಯ ಪಕ್ಕದ ಪನ್ನೀರು ಗುಲಾಬಿಯ ಕಡ್ಡಿ ಮಾತ್ರ ಅವರ ಕೈಗೂ ಒಲಿದಿರಲಿಲ್ಲ. ಆ ಗಿಡ ತಂಗಿ ಸಂಧ್ಯಾ ನೆಟ್ಟದ್ದು. ನೆಟ್ಟ ವರ್ಷವೇ ಕಾಮಾಲೆಯಲ್ಲಿ ಹೋದ ಆ ಹುಡುಗಿಯದೆಂದು ಉಳಿದದ್ದು ಅದೊಂದು ಗಿಡ. ೨೦೦೦ದ ದೀಪಾವಳಿಗೆ ಮನೆಯೊಡೆಯ ಬದರೀನಾರಾಯಣ, ಬಾವಿ ಮುಚ್ಚಿ ಇನ್ನೊಂದು ಮನೆ ಕಟ್ಟಿಸುತ್ತೇನೆಂದರು. ಅದೇ ವಾರ ಶೈಲಜಮ್ಮನ ಹೊಟ್ಟೆನೋವಿಗೆ ಹೆಸರು ಸಿಕ್ಕಿತು.

ಗಿಡ ಕಡಿಯುವ ಮುನ್ನ ಅವರು ಕುಂಡಗಳ ತುಂಬ ಕಡ್ಡಿ ಚುಚ್ಚಿದರು. ಒಂದೊಂದಾಗಿ ಬುಡದಿಂದ ಕಪ್ಪೇರಿ ಸತ್ತವು. ಬಾವಿಯಿದ್ದಲ್ಲಿ ಜಲ್ಲಿ ಬಿತ್ತು. ಉಳಿದ ಒಂದೇ ಕಡ್ಡಿ ಶಿವರಾತ್ರಿಯ ಹೊತ್ತಿಗೆ ಚಿಗುರಿತು.

"ಬದುಕ್ತು ಕಣೆ ಶೈಲೂ! ಎಲೆ ನೋಡು, ಎಲೆ!" ಎಂದು ಪ್ರಿಯಂವದಾ ಕುಣಿದಾಡಿದರು.

"ಎಲೆ ನಂಬಬೇಡ. ಕಡ್ಡಿಯೊಳಗಿನ ರಸ ಕುಡ್ಕೊಂಡು ಚಿಗುರತ್ತೆ ಅದು. ಬೇರಿಲ್ದಿದ್ರೆ ರಸ ಇರೋವರೆಗೆ ಮೆರೆಯತ್ತೆ, ಅಷ್ಟೆ."

ಅಂದೇ ನೋಡಲು ಬಂದ ಎದುರುಮನೆ ಕಮಲಮ್ಮ, "ಮುಖದಲ್ಲಿ ಕಳೆ ಬಂದಿದೆ ರೀ, ಇನ್ನೇನು ಎದ್ದು ಓಡಾಡ್ತೀರ," ಎಂದರು. ಶೈಲಜಮ್ಮ ಗೆಳತಿಯ ಕಡೆ ತಿರುಗಿ ನಕ್ಕರು. ಪ್ರಿಯಂವದಾಗೆ ನಗಲಾಗಲಿಲ್ಲ. ಅಂದಿನಿಂದ ಅವರು ಬಂದೊಡನೆ ಮೊದಲು ನೋಡುತ್ತಿದ್ದುದು ಕುಂಡವನ್ನು, ಆಮೇಲೆ ಹಾಸಿಗೆಯನ್ನು.

ಆ ಗುರುವಾರ ಎಲೆಗಳು ಜೋತುಬಿದ್ದಿದ್ದವು. "ಕುಂಡ ಇಲ್ಲಿ ತಾ," ಎಂದ ಶೈಲಜಮ್ಮ ಎರಡು ಬೆರಳಲ್ಲಿ ಕಡ್ಡಿ ಹಿಡಿದರು.

"ಏಯ್, ಮುಟ್ಟಬಾರ್ದು ಅಂತಿದ್ದೋಳು ನೀನೇ ಅಲ್ವೇನೆ!"

"ಕಾಯೋಕೆ ನಂಗೆ ಟೈಮಿಲ್ಲ ಮಾರಾಯ್ತಿ."

ಕಡ್ಡಿ ಯಾವ ತಡೆಯೂ ಇಲ್ಲದೆ ಕೈಗೆ ಬಂತು. ಬೇರಿರಲಿಲ್ಲ. ಬುಡ ಕಪ್ಪಾಗಿತ್ತು.

"ಕತ್ತರಿ ಕೊಡು."

ಶೈಲಜಮ್ಮ ಒಳಗಿನ ಹಸಿರು ಕಾಣುವವರೆಗೆ ಬುಡವನ್ನು ಕತ್ತರಿಸಿದರು. ಬಾಡಿದ ಚಿಗುರನ್ನು ಚಿವುಟಿಹಾಕಿದರು. ಉಳಿದ ತುಂಡನ್ನು ಮತ್ತೆ ಮಣ್ಣಿಗೆ ಚುಚ್ಚಿ, ಸುತ್ತಲೂ ಹೆಬ್ಬೆರಳಿಂದ ಒತ್ತಿದರು.